‘ಪರಿಹಾರ’ ಎಂದು ಬರೆಯಬಹುದೇ?

ಗೆಳೆಯರೇ, ನಮಸ್ಕಾರ.

ಕುಮಟಾ ಹತ್ತಿರದ ಗಜನಿ (ಕಡಲ ಹತ್ತಿರದ ಉಪ್ಪುನೀರಿನ ಗದ್ದೆ) ರೈತರಿಗಾಗಿ ಜಾಗತಿಕ ಹವಾಮಾನ ಮಾತುಕತೆಯ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಹವಾಮಾನ ಬದಲಾವಣೆಯಿಂದ ಪೆಟ್ಟು ತಿನ್ನುವ ಬಡ ದೇಶಗಳಿಗಾಗಿ ಇರುವ ‘ಲಾಸ್ ಆ್ಯಂಡ್ ಡ್ಯಾಮೇಜ್’ ನಿಧಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಪೆನ್ನು ನಿಂತಿದೆ.

ಮೊದಲು ‘ನಷ್ಟ ಪರಿಹಾರ ನಿಧಿ’ ಎಂದು ಬರೆದಿದ್ದೆ. ಓದಿ ಹೇಳಿದಾಗ ಹಿರಿಯರೊಬ್ಬರು ಕೂಡಲೇ ಕೇಳಿದರು, “ಅರ್ಜಿ ಎಲ್ಲಿ ಕೊಡಬೇಕು?” ಅವರು ಕೇಳಿದ್ದು ಸರಿಯೇ. ಒಡ್ಡು ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿದರೆ ನಾವು ಕೇಳುವುದು ಪರಿಹಾರವನ್ನೇ ಅಲ್ವಾ? ಆ ಪದದಲ್ಲಿ ಹಕ್ಕಿನ ದನಿ ಇದೆ.

ಆದರೆ ಶ್ರೀಮಂತ ದೇಶಗಳು ತಡೆದದ್ದು ಆ ಹಕ್ಕನ್ನೇ. ಸಣ್ಣ ದ್ವೀಪ ದೇಶಗಳ ಪರವಾಗಿ ವನುವಾಟು 1991ರಲ್ಲೇ ವಿಮೆಯಂಥ ಏರ್ಪಾಡು ಕೇಳಿತ್ತು. 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿಯಲ್ಲಿ ‘ಲಾಸ್ ಆ್ಯಂಡ್ ಡ್ಯಾಮೇಜ್’ಗೆ ಜಾಗ ಸಿಕ್ಕಿತು. ಜೊತೆಗಿನ ನಿರ್ಣಯದಲ್ಲೇ, ಈ ವಿಧಿ ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಲ್ಲ ಎಂದೂ ಸೇರಿಸಿದರು. ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ. ಮೂವತ್ತು ವರ್ಷ ಕಾದು ಪಡೆದ ಗೆಲುವು ಅದು. ಆದರೂ ನಿಧಿಯ ಪೂರ್ತಿ ಹೆಸರಲ್ಲಿ ಇರುವುದು ‘ಸ್ಪಂದಿಸುವ’ ಎಂಬ ಮಾತು. ಹೀಗಿರುವಾಗ ‘ಪರಿಹಾರ’ ಎಂದು ಬರೆದರೆ, ಅಲ್ಲಿ ಸಿಗದೇ ಇದ್ದದ್ದನ್ನು ನಾನೇ ಕೊಟ್ಟಂತೆ ಆಗುತ್ತದೆ.

‘ನೆರವು’ ನನಗೆ ಬೇಡ. ದಯೆ ತೋರಿಸಿ ಕೊಟ್ಟಂತೆ ಕೇಳುತ್ತದೆ. ‘ಸ್ಪಂದನ ನಿಧಿ’ ಎಂದರೆ ಊರಲ್ಲಿ ಯಾರಿಗೂ ತಿಳಿಯುವುದಿಲ್ಲ. ಸದ್ಯಕ್ಕೆ ‘ಹಾನಿ ನಿಭಾಯಿಸುವ ನಿಧಿ’ ಎಂದು ಇಟ್ಟುಕೊಂಡಿದ್ದೇನೆ.

ಇದಕ್ಕಿಂತ ಜಾಸ್ತಿ ಕಾಡುವುದು ಆ ಜೋಡಿಪದವೇ. ಡ್ಯಾಮೇಜ್ ಎಂದರೆ ಸರಿಮಾಡಬಹುದಾದದ್ದು, ಲಾಸ್ ಎಂದರೆ ಮತ್ತೆ ಬಾರದ್ದು ಎಂದು ಸಾಮಾನ್ಯವಾಗಿ ಬಿಡಿಸಿ ಹೇಳುತ್ತಾರೆ. ಒಡ್ಡು ಒಡೆದರೆ ಹಾನಿ, ಕಟ್ಟಿಕೊಳ್ಳಬಹುದು. ಉಪ್ಪುನೀರು ತಾಳುವ ನಮ್ಮ ಕಗ್ಗ ಭತ್ತದ ಬೀಜವೇ ಹೋದರೆ? ಅದಕ್ಕೆ ‘ನಷ್ಟ’ ಸಾಲುವುದಿಲ್ಲ. ನಷ್ಟ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ದುಡ್ಡು. ಈ ವರ್ಷ ನಷ್ಟ ಆದರೆ ಮುಂದಿನ ವರ್ಷ ಲಾಭ ಬರಬಹುದು. ಬೀಜ ಹಾಗೆ ತಿರುಗಿ ಬರುವುದಿಲ್ಲ.

‘ಅಳಿವು’ ಎನ್ನೋಣವೆಂದರೆ, ಇಲ್ಲಿ ಹೊಳೆ ಕಡಲು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಘನಾಶಿನಿ ಅಳಿವೆಯ ದಂಡೆಯಲ್ಲೇ ಕೂತು ಓದುವವರಿಗೆ ಗೊಂದಲ ಆದೀತು.

ಹೋದದ್ದು ಹೋಯಿತು, ಇನ್ನು ಸಿಗದು ಎನ್ನುವಂಥದ್ದಕ್ಕೆ ನಿಮ್ಮ ಕಡೆಯ ರೈತರು, ಮೀನುಗಾರರು ಯಾವ ಪದ ಬಳಸುತ್ತಾರೆ? ಆಡುಮಾತಿನದ್ದಾದರೂ ಸರಿ, ದಯವಿಟ್ಟು ತಿಳಿಸಿ.