6 ಮಿಲಿಗ್ರಾಂ ಪ್ರೋಟೀನಿನಲ್ಲಿ ಫ್ರಾಗ್ಮೆಂಟ್ ಸ್ಕ್ರೀನಿಂಗ್: ಮಾಡಿದವರು ಹೇಳಿ

ಪೆರಿಯದಿಂದ ಕೇಳಿದ್ದು: ಪಿಎಚ್‌ಡಿ ಎರಡನೇ ವರ್ಷ. ಕೈಯಲ್ಲಿ 32 ಕಿಲೋಡಾಲ್ಟನ್‌ನ ಎನ್‌ಜೈಮ್ 6 ಮಿಲಿಗ್ರಾಂ ಉಂಟು, ಲೈಬ್ರರಿಯಲ್ಲಿ 400 ಫ್ರಾಗ್ಮೆಂಟ್ (ಔಷಧಕ್ಕೆ ಬೀಜವಾಗಬಹುದಾದ ಪುಟ್ಟ ಅಣುಗಳು). ಯಾವುದು ಎನ್‌ಜೈಮಿಗೆ ಅಂಟುತ್ತದೆ ಎಂದು ನೋಡಬೇಕು. ಥರ್ಮಲ್ ಶಿಫ್ಟ್ (ಅಂಟಿದರೆ ಪ್ರೋಟೀನ್ ಬಿಚ್ಚಿಕೊಳ್ಳುವ ಉಷ್ಣತೆ ಏರುತ್ತದಾ ಎಂದು ನೋಡುವುದು), ಎಸ್‌ಪಿಆರ್ (ಚಿಪ್ಪಿಗೆ ಕಟ್ಟಿದ ಪ್ರೋಟೀನಿಗೆ ಅಂಟುವುದನ್ನು ಬೆಳಕಿನಿಂದ ಅಳೆಯುವುದು), ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಅಣುವಿನ ಸ್ಪೆಕ್ಟ್ರಂ ತೆಗೆಯುವುದು), ಯಾವುದರಿಂದ ಶುರು ಮಾಡುವುದು?

ಬದಿಯಡ್ಕದವರು, ಈಗ ಬೆಂಗಳೂರಲ್ಲಿ: ಮೆಷಿನ್ ಯಾವುದೆಂದು ಆಮೇಲೆ ನೋಡುವ, ಮೊದಲು ಪ್ರೋಟೀನಿನ ಲೆಕ್ಕ ಹಾಕಿ ಮಾರಾಯ್ರೆ. ಥರ್ಮಲ್ ಶಿಫ್ಟ್‌ಗೆ 25 ಮೈಕ್ರೋಲೀಟರಿನಲ್ಲಿ 2 ಮೈಕ್ರೋಮೋಲಾರ್ ಹಾಕಿದರೆ ವೆಲ್‌ಗೆ 1.6 ಮೈಕ್ರೋಗ್ರಾಂ. 400ನ್ನೂ ಎರಡೆರಡು ಸಲ ಓಡಿಸಿದರೂ 1.3 ಮಿಲಿಗ್ರಾಂ ದಾಟುವುದಿಲ್ಲ. ಎಸ್‌ಟಿಡಿ ಎನ್‌ಎಂಆರ್‌ನಲ್ಲಿ (ಪ್ರೋಟೀನಿಗೆ ಅಂಟುವ ಫ್ರಾಗ್ಮೆಂಟನ್ನು ಹೆಕ್ಕಿ ತೋರಿಸುವ ಎನ್‌ಎಂಆರ್ ವಿಧಾನ) ಐದೈದು ಫ್ರಾಗ್ಮೆಂಟ್ ಬೆರೆಸಿದರೂ 80 ಟ್ಯೂಬ್. 10 ಮೈಕ್ರೋಮೋಲಾರ್, ಅರ್ಧ ಮಿಲಿಲೀಟರ್ ಎಂದರೆ 12.8 ಮಿಲಿಗ್ರಾಂ. ನಿಮ್ಮಲ್ಲಿ ಅದರ ಅರ್ಧವೂ ಇಲ್ಲ. 3 ಎಂಎಂ ಟ್ಯೂಬಾದರೆ ಐದರೊಳಗೆ ಮುಗಿದೀತು, ಆದರೆ ಮತ್ತೆ ಪರೀಕ್ಷಿಸಲಿಕ್ಕೆ ಎಂತ ಉಳಿಯುತ್ತದೆ?

ಎಸ್‌ಪಿಆರ್‌ಗೆ ಪ್ರೋಟೀನ್ ತೀರಾ ಕಮ್ಮಿ ಸಾಕು. ಅದರ ಕಿರಿಕಿರಿ ಡಿಎಂಎಸ್‌ಒ, ಫ್ರಾಗ್ಮೆಂಟ್ ಕರಗಿಸಿಡುವ ದ್ರಾವಕ. ಕರಾವಳಿಯ ಒಂದು ಲ್ಯಾಬಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ನಮ್ಮ ಸ್ಟಾಕ್ ಪ್ಲೇಟುಗಳ ಸೀಲ್ ಸಡಿಲವಾಗಿತ್ತು. ಡಿಎಂಎಸ್‌ಒ ಗಾಳಿಯ ನೀರನ್ನು ಹೀರಿಕೊಂಡೇ ಇರುತ್ತದಲ್ಲ! ಹಿಟ್‌ಗಳೇನೋ (ಅಂಟಿದ ಹಾಗೆ ಕಾಣುವವು) ಬಂದವು, ನೋಡಿದರೆ ಎಲ್ಲವೂ ಪ್ಲೇಟಿನ ಹೊರಸಾಲಿನವು. ಒಂದು ವಾರದ ಕೆಲಸ ಹೊಳೆಗೆ. ಡಿಎಂಎಸ್‌ಒ ಪ್ರಮಾಣದಲ್ಲಿ ಶೇಕಡಾ 0.1ರ ವ್ಯತ್ಯಾಸಕ್ಕೇ ಸಿಗ್ನಲ್ ನೂರರ ಆಸುಪಾಸು ಆರ್‌ಯು (ಎಸ್‌ಪಿಆರ್‌ನ ಅಳತೆಮಾನ) ಹಾರುತ್ತದೆ. ಫ್ರಾಗ್ಮೆಂಟಿನ ನಿಜ ಸಿಗ್ನಲ್ ಹತ್ತಿಪ್ಪತ್ತು. ರೆಫರೆನ್ಸ್ ಚಾನೆಲ್ (ಪ್ರೋಟೀನ್ ಕಟ್ಟದ ಚಾನೆಲ್) ಕಳೆದರೂ ಉಳಿಕೆ ಹಿಟ್‌ನ ಹಾಗೇ ಕಾಣುತ್ತದೆ. ಸಾಲ್ವೆಂಟ್ ಕರೆಕ್ಷನ್ (ಡಿಎಂಎಸ್‌ಒ ವ್ಯತ್ಯಾಸವನ್ನು ಸರಿದೂಗಿಸುವ ಲೆಕ್ಕ) ಬಿಡಬೇಡಿ.

ಕುಂಬಳೆಯಿಂದ: ಎನ್‌ಜೈಮ್ ಅಂತೀರಿ, ಅದರ ಅಸ್ಸೇಯನ್ನೇ (ಎನ್‌ಜೈಮಿನ ಕೆಲಸಕ್ಕೆ ಎಷ್ಟು ತಡೆಯಾಯಿತೆಂದು ಅಳೆಯುವ ಪರೀಕ್ಷೆ) ಯಾಕೆ ಬಿಟ್ಟಿರಿ? ಫ್ರಾಗ್ಮೆಂಟ್ ದಾರಿಯಲ್ಲಿ ಬಂದ ಮೊದಲ ಔಷಧ ವೆಮುರಾಫೆನಿಬ್ (2011). ಅದರ ಆರಂಭ 200 ಮೈಕ್ರೋಮೋಲಾರ್‌ನಲ್ಲಿ ಮಾಡಿದ ಕೈನೇಸ್ (ಒಂದು ಬಗೆಯ ಎನ್‌ಜೈಮ್) ಅಸ್ಸೇ, ಅದರ ಬೆನ್ನಿಗೆ ಕ್ರಿಸ್ಟಲ್ (ಫ್ರಾಗ್ಮೆಂಟ್ ಎಲ್ಲಿ ಕೂತಿದೆ ಎಂದು ಎಕ್ಸ್‌ರೇಯಲ್ಲಿ ನೋಡಲಿಕ್ಕೆ ಪ್ರೋಟೀನಿನ ಹರಳು). ವೆನೆಟೊಕ್ಲಾಕ್ಸ್ (2016) ಮಾತ್ರ ಎನ್‌ಎಂಆರ್ ಮನೆಯದ್ದು. ಅಸ್ಸೇಗೆ ಟ್ರೈಟಾನ್ (ಒಂದು ಡಿಟರ್ಜೆಂಟ್) ಚೂರು ಹಾಕಿ ನೋಡಿ. ಗುಂಪುಗಟ್ಟುವ ಮಾಲಿನಿಂದ ಬಂದ ತಡೆ ಅಲ್ಲಿಗೇ ಮಾಯ.

ಮಂಜೇಶ್ವರದಿಂದ: ಥರ್ಮಲ್ ಶಿಫ್ಟ್‌ನಲ್ಲಿ ಒಂದು ಡಿಗ್ರಿಯೂ ಏರಲಿಲ್ಲ ಎಂದು ಬಿಸಾಡಬೇಡಿ, ಮಿಲಿಮೋಲಾರ್ ಬಲದಲ್ಲಿ (ಅಂದರೆ ತೀರಾ ಸಡಿಲವಾಗಿ) ಅಂಟುವವು ಅಷ್ಟೂ ಏರಿಸಲಿಕ್ಕಿಲ್ಲ. ಎರಡು ವಿಧಾನದ ಪಟ್ಟಿ ತಾಳೆಯಾಗದಿದ್ದರೂ ಗಾಬರಿ ಬೇಡ, ಎಲ್ಲರದ್ದೂ ಹಾಗೇ. ಎನ್‌ಎಂಆರ್‌ನ ಒಂದು ಉಪಕಾರ ಯಾರೂ ಹೇಳುವುದಿಲ್ಲ: ಬಾಟಲಿಯಲ್ಲಿರುವುದು ಲೇಬಲಿನದ್ದೇ ಹೌದಾ, ಕರಗಿದೆಯಾ ಎಂದು ಸ್ಪೆಕ್ಟ್ರಂನಲ್ಲೇ ಗೊತ್ತಾಗುತ್ತದೆ. ನನ್ನ ಒಂದು "ಹಿಟ್" ಪೂರ್ತಿ ಕೊಳೆತಿತ್ತು.

ಪೆರಿಯದಿಂದ: ಹಾಗಾದರೆ ಥರ್ಮಲ್ ಶಿಫ್ಟ್, ಅಸ್ಸೇ ಎರಡೂ ಇಲ್ಲೇ ಮಾಡುತ್ತೇನೆ. ಎರಡರಲ್ಲಿ ಯಾವುದರಲ್ಲಿ ಬಂದರೂ ಸರಿ, ಒಂದು ಮೂವತ್ತನ್ನು 3 ಎಂಎಂ ಟ್ಯೂಬಿನಲ್ಲಿ ಒಂದೊಂದಾಗಿ ಎನ್‌ಎಂಆರ್‌ಗೆ. ಕ್ರಿಸ್ಟಲ್ ಇನ್ನೂ ಬಂದಿಲ್ಲ. ಡಿಎಂಎಸ್‌ಒ ಬಾಟಲಿ ಬೆಂಚಿನ ಮೇಲೆ ಬಾಯಿ ತೆರೆದೇ ಇತ್ತು, ಈಗ ಮುಚ್ಚಿ ಬಂದೆ.