ಅಮ್ಮನಿಗೆ ದುಭಾಷಿಯಾಗುವ ಮಗು: ಯಾವ ಹೊರೆ ಇಳಿಸಬೇಕು, ಯಾವುದು ಇರಲಿ?

ಕೇಳಿದ್ದು: ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೆಕ್ಸಿಕೋದಿಂದ ಬಂದ ಮನೆಯ ಹದಿಮೂರರ ಹುಡುಗಿ ಅಮ್ಮನ ಜೊತೆ ದುಭಾಷಿಯಾಗಿ ಕ್ಲಿನಿಕ್ಕು, ಬ್ಯಾಂಕು, ತಮ್ಮನ ಶಾಲೆ ಅಂತ ಓಡಾಡಿ ಪಾಠ ತಪ್ಪಿಸಿಕೊಳ್ಳುತ್ತಾಳೆ. ಸ್ಪ್ಯಾನಿಷ್ ಮಾತಾಡುತ್ತಾಳೆ, ಬರೆಯಲು ಬಾರದು. ಮನೆಯವರಿಗೆ ನೋವಾಗದಂತೆ ಏನು ಮಾಡಬಹುದು?

ಆಸ್ಪತ್ರೆ ದುಭಾಷಿ: ಮೊದಲು ಕ್ಲಿನಿಕ್ಕಿನದು ಬಿಡಿಸಿ. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ನಿನ ನಿಯಮಗಳ ಪ್ರಕಾರ, ಫೆಡರಲ್ (ಕೇಂದ್ರ ಸರಕಾರದ) ಹಣ ಪಡೆಯುವ ಆಸ್ಪತ್ರೆ ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ಜೀವಕ್ಕೆ ಕುತ್ತು ಬಂದ ತುರ್ತಿನಲ್ಲಿ, ಅರ್ಹ ದುಭಾಷಿ ಕೂಡಲೇ ಸಿಗದಿದ್ದರೆ ಮಾತ್ರ ವಿನಾಯಿತಿ. ಆಸ್ಪತ್ರೆ ಒದಗಿಸುವ ದುಭಾಷಿಗೆ ರೋಗಿ ದುಡ್ಡು ಕೊಡಬೇಕಿಲ್ಲ. 2025ರ ಮಾರ್ಚಿನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿಸಿದ ಅಧ್ಯಕ್ಷರ ಆದೇಶ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ ನೆರವಾಗುವ ಬಗೆಗಿನ ಹಿಂದಿನೊಂದು ಆದೇಶವನ್ನು ತೆಗೆದುಹಾಕಿತು, ಈ ಕಾಯ್ದೆಯನ್ನಲ್ಲ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿ ಬೇಕೆಂದು ಹೇಳಿ, ಅಮ್ಮನ ಫೈಲಿನಲ್ಲಿ ಭಾಷೆ ಬರೆಸಿ. ಕೌಂಟರಿನವರು "ಮಗಳಿದ್ದಾಳಲ್ಲ" ಅಂದರೆ ಫೋನ್ ಇಲ್ಲವೇ ವಿಡಿಯೊ ದುಭಾಷಿಯನ್ನು ಕೇಳಿ. ಡಾಕ್ಟರು ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಲಿ, ಅಮ್ಮನ ಮುಖ ನೋಡಿ ಮಾತಾಡಲಿ. ಮಕ್ಕಳು ಎಡವುವುದು ಪದ ಗೊತ್ತಿಲ್ಲದೆ ಮಾತ್ರವಲ್ಲ. ಕೆಟ್ಟ ಸುದ್ದಿಯನ್ನು ಮೆತ್ತಗೆ ಮಾಡಿಬಿಡುತ್ತಾರೆ. ತಾಯಿಯೂ ಮುಟ್ಟು, ಗರ್ಭ, ಖಿನ್ನತೆಯ ವಿಷಯ ಮಗಳೆದುರು ಬಾಯಿಬಿಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಸೇವಿಸುವ ಕ್ರಮವನ್ನು ಸ್ಪ್ಯಾನಿಷ್‌ನಲ್ಲೇ ಕೇಳಿ, ಕ್ಯಾಲಿಫೋರ್ನಿಯಾದಲ್ಲಿ ಕೇಳಿದರೆ ಕೊಡಲೇಬೇಕು.

ಇನ್ನೊಬ್ಬರು: ಅದಕ್ಕೂ ಮುಂಚೆ ಮನೆಮಾತು ಯಾವುದೆಂದು ವಿಚಾರಿಸಿ. ದಕ್ಷಿಣ ಮೆಕ್ಸಿಕೋದ ವಹಾಕಾದವರಾದರೆ ಮಿಶ್ಟೆಕೋ, ಸಪೊಟೆಕೋ ಇರಬಹುದು; ಗ್ವಾಟೆಮಾಲಾದ ಬೆಟ್ಟದ ಸೀಮೆಯವರದು ಮಾಮ್ ಅಥವಾ ಕಿಚೆ. ಸ್ಪ್ಯಾನಿಷ್‌ಗೆ ತಲೆಯಾಡಿಸಿದ ಮಾತ್ರಕ್ಕೆ ತಿಳಿಯಿತೆಂದಲ್ಲ. ಈ ಭಾಷೆಗಳ ದುಭಾಷಿಗಳು ಕಡಿಮೆ, ಸಾಕಷ್ಟು ಮುಂಚಿತವಾಗಿ ಹೇಳಿಡಿ.

ಬಾಡಿಗೆ, ಸಾಲದ ಕಾಗದ ನೋಡುವವರು: ಬ್ಯಾಂಕಿನಲ್ಲಿ ಹಣ ಕಟ್ಟಲು ಅವಳು ಹೋದರೆ ತೊಂದರೆಯಿಲ್ಲ. ಸಹಿ ಹಾಕುವ ಕಡೆ ಬೇಡ. ಕ್ಯಾಲಿಫೋರ್ನಿಯಾ ಸಿವಿಲ್ ಕೋಡಿನ 1632ನೇ ಸೆಕ್ಷನ್ ಪ್ರಕಾರ ವ್ಯವಹಾರ ಮುಖ್ಯವಾಗಿ ಸ್ಪ್ಯಾನಿಷ್‌ನಲ್ಲಿ ನಡೆದಿದ್ದರೆ, ಕಾರಿನ ಸಾಲ, ಒಂದು ತಿಂಗಳಿಗೂ ಹೆಚ್ಚಿನ ಅವಧಿಯ ಮನೆ ಬಾಡಿಗೆಯಂಥ ಕರಾರುಗಳ ಅನುವಾದವನ್ನು ಸಹಿಗೆ ಮೊದಲೇ ಕೊಡಬೇಕು. ಗಿರಾಕಿಯೇ ಸ್ವಂತ ದುಭಾಷಿಯನ್ನು ಕರೆತಂದರೆ ಅಂಗಡಿಯವರು ಇದರಿಂದ ಪಾರಾಗಬಹುದು, ಆದರೆ ಅಪ್ರಾಪ್ತರು ಆ ಲೆಕ್ಕಕ್ಕೆ ಬರುವುದಿಲ್ಲ. "ಮಗಳು ಓದಿ ಹೇಳಿದಳಲ್ಲ" ಎಂಬ ವಾದ ನಿಲ್ಲದು.

ಶಾಲಾ ಕೌನ್ಸೆಲರ್: ದುಭಾಷಿ ಬೇಕೆಂದು ಶಾಲೆಗೆ ಪತ್ರದಲ್ಲೋ ಇಮೇಲಿನಲ್ಲೋ ಕೇಳಿ, ಬಾಯಿಮಾತು ಬೇಡ. ತಮ್ಮನಿಗೆ ವಿಶೇಷ ಶಿಕ್ಷಣದ ಸಭೆ ಇದ್ದರೆ, ತಂದೆತಾಯಿಗೆ ಅರ್ಥವಾಗುವಂತೆ ದುಭಾಷಿಯನ್ನು ಒದಗಿಸುವುದು ಫೆಡರಲ್ ಕಾನೂನಿನಂತೆ ಶಾಲೆಯ ಕೆಲಸ. ಅವಳದೇ ಅಂಕಪಟ್ಟಿಯನ್ನು ಅವಳೇ ಅನುವಾದಿಸುವಂತೆ ಕೂರಿಸುವುದಂತೂ ಅನ್ಯಾಯ (ಸಿ ಗ್ರೇಡು ಮನೆ ತಲುಪುವಷ್ಟರಲ್ಲಿ ಬಿ ಆಗಿರುತ್ತದೆ!). ದುಭಾಷಿಯನ್ನು ಕೇಳಿದರೆ ವಲಸೆ ಕಾಗದದ ವಿಚಾರ ಎದ್ದೀತೆಂದು ಹಿಂಜರಿಯುವವರಿದ್ದಾರೆ. ಕಾಗದವಿಲ್ಲವೆಂದು ಸರಕಾರಿ ಶಾಲೆ ಮಗುವನ್ನು ನಿರಾಕರಿಸಲಾಗದು ಎಂದು 1982ರ ಪ್ಲೈಲರ್ ವಿರುದ್ಧ ಡೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸ್ಪ್ಯಾನಿಷ್ ಮೇಷ್ಟ್ರು: ಎಲ್ಲವನ್ನೂ ಕಿತ್ತುಕೊಳ್ಳಬೇಡಿ. ಅಂಗಡಿ, ಬಸ್ಸು, ಪೋಸ್ಟಿನ ಕವರು, ಅಜ್ಜಿಯ ಫೋನು ಅವಳಿಗೇ ಇರಲಿ. ಮನೆಗೆ ಬೇಕಾದವಳು ಎಂಬ ಹೆಮ್ಮೆ ಅಲ್ಲೇ ಬರುವುದು. ಅಮ್ಮನಿಗೂ "ಮಗಳಿಂದ ಕೆಲಸ ಮಾಡಿಸಬೇಡಿ" ಅನ್ನದೆ, "ಡಾಕ್ಟರು ನಿಮ್ಮ ಹತ್ತಿರವೇ ಮಾತಾಡಬೇಕು" ಎನ್ನಿ.

ಬರಹಕ್ಕೆ ಬಂದರೆ, ಹೈಸ್ಕೂಲಿನ ಸ್ಪ್ಯಾನಿಷ್ 1ಕ್ಕೆ ಸೇರಿಸಬೇಡಿ. ಬಣ್ಣ, ವಾರಗಳ ಹೆಸರು ಕಲಿಸಿ ಬೇಸರ ಹಿಡಿಸುತ್ತಾರೆ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರಿಗೆಂದೇ ಇರುವ ತರಗತಿ ಕೇಳಿ, ಇಲ್ಲದಿದ್ದರೆ ಮಟ್ಟ ನೋಡುವ ಪರೀಕ್ಷೆ ಬರೆಸಿ. ಅಮೆರಿಕದ ಕನ್ನಡದ ಮನೆಗಳಲ್ಲೂ ಇದೇ ಸ್ಥಿತಿ, ಕಿವಿ ಬಾಯಿ ಪಳಗಿರುತ್ತವೆ, ಕಣ್ಣು ಕೈ ಇಲ್ಲ. ಸ್ಪ್ಯಾನಿಷ್ ಬರೆಯುವಾಗಿನ ತಪ್ಪುಗಳೂ ಅದೇ ಜಾಡಿನವು: ಬಿ ಮತ್ತು ವಿ ಒಂದೇ ಉಲಿಯಾದ್ದರಿಂದ ಅದಲುಬದಲು, ಉಚ್ಚಾರವಿಲ್ಲದ ಹೆಚ್ ಬಿಟ್ಟುಹೋಗುವುದು, ಸ್ವರದ ಮೇಲಿನ ಗೀಟು ಮರೆಯುವುದು. ದಿನಕ್ಕೆ ಹದಿನೈದು ನಿಮಿಷ ಸಾಕು: ಅಜ್ಜಿಗೆ ಧ್ವನಿ ಸಂದೇಶದ ಬದಲು ಬರೆದು ಕಳಿಸಲಿ, ನೀವು ಒಂದು ಬಗೆಯ ತಪ್ಪನ್ನಷ್ಟೇ ತಿದ್ದಿ. ಮುಂದೆ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಸ್ಪ್ಯಾನಿಷ್ ಪರೀಕ್ಷೆಯಲ್ಲಿ 5ಕ್ಕೆ 3 ಅಂಕ ಬಂದರೆ, ಎರಡು ಭಾಷೆ ಬಲ್ಲವರ ಹೈಸ್ಕೂಲು ಪ್ರಮಾಣಪತ್ರಕ್ಕೆ ಹಾಕುವ ಕ್ಯಾಲಿಫೋರ್ನಿಯಾದ ದ್ವಿಭಾಷಾ ಮುದ್ರೆಗೆ ಸ್ಪ್ಯಾನಿಷ್ ಪಾಲು ಮುಗಿದಂತೆ. ಇಂಗ್ಲಿಷಿನ ಷರತ್ತುಗಳು ಬೇರೆ, ಅವನ್ನು ಒಂಬತ್ತನೇ ತರಗತಿಯಲ್ಲೇ ಕೇಳಿಟ್ಟುಕೊಳ್ಳಿ.