ಶೆಡ್ಡಿನ ಫ್ರೇಮ್ ಎತ್ತಿ ನಿಲ್ಲಿಸುವಾಗ ಏನು ಜಾಗ್ರತೆ ಬೇಕು? ಅನುಭವ ಇದ್ದವರು ಹೇಳಿ

ಮಂಗಳೂರಿನ ಬೈಕಂಪಾಡಿ ಹತ್ತಿರ ಗೋಡೌನ್ ಕಟ್ಟುತ್ತಿದ್ದೇವೆ. ಫ್ರೇಮಿನ ಕಾಲಂ (ಕಂಬ), ರಾಫ್ಟರ್ (ಮಾಡಿನ ಓರೆ ತೊಲೆ) ಎಲ್ಲ ಬಂದು ಇಳಿದಿವೆ. ಮಳೆಗೆ ಮೊದಲು ಶೀಟ್ ಹಾಕಬೇಕು. ಸೈಟಿಗೆ ನಾನು ಹೊಸಬ. ಯಾರಿಗೂ ಏನೂ ಆಗಬಾರದು, ಅದೇ ಚಿಂತೆ.

ಉತ್ತರ 1

ಅವಸರ ಉಂಟು ಅಂತ ಗೊತ್ತಾಗುತ್ತದೆ. ಆದರೂ ಇದನ್ನು ಕೇಳಿ. ಪೂರ್ತಿ ಕಟ್ಟಿದ ಶೆಡ್ಡಿಗಿಂತ ಅರ್ಧ ನಿಂತದ್ದಕ್ಕೇ ಭಯ ಜಾಸ್ತಿ.

ನಾವು ಒಂದು ಸೈಟಿನಲ್ಲಿ ನಾಲ್ಕು ಫ್ರೇಮ್ ನಿಲ್ಲಿಸಿ ಸಂಜೆ ಮನೆಗೆ ಹೋದೆವು. ಲಾರಿ ಹೋಗಲಿಕ್ಕೆ ಅಂತ ಯಾರೋ ಒಂದು ಬದಿಯ ಗೈ ರೋಪ್ (ಫ್ರೇಮ್ ಬೀಳದಂತೆ ನೆಲಕ್ಕೆ ಎಳೆದು ಕಟ್ಟುವ ಹಗ್ಗ) ಬಿಚ್ಚಿದ್ದರು. ವಾಪಸ್ ಕಟ್ಟಿರಲಿಲ್ಲ. ಮೇ ತಿಂಗಳು, ರಾತ್ರಿ ಗುಡುಗು, ಗಾಳಿ. ಬೆಳಿಗ್ಗೆ ನೋಡಿದರೆ ನಾಲ್ಕೂ ಮಲಗಿದ್ದವು. ಹಿಂದಿನ ಸಂಜೆ ಅದೇ ಜಾಗದಲ್ಲಿ ಹುಡುಗರು ಕೂತು ಚಹಾ ಕುಡಿದಿದ್ದರು. ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಮಂಗಳೂರಿಗೆ ಐಎಸ್ 875ರ (ಕಟ್ಟಡದ ಮೇಲೆ ಬೀಳುವ ಭಾರದ ಭಾರತೀಯ ಮಾನದಂಡ) ಮೂರನೇ ಭಾಗದಲ್ಲಿ ಹೇಳಿದ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ ಸುಮಾರು 140 ಕಿ.ಮೀ. ಆಯಿತು. ಡಿಸೈನ್ ಅದಕ್ಕೇ ಮಾಡಿರುತ್ತಾರೆ, ಆದರೆ ಬ್ರೇಸಿಂಗ್ (ಫ್ರೇಮ್ ಅಲುಗದಂತೆ ಹಾಕುವ ಓರೆ ಕಂಬಿ), ಪರ್ಲಿನ್ (ಶೀಟ್ ಹೊರುವ ಅಡ್ಡ ಪಟ್ಟಿ) ಎಲ್ಲ ಸೇರಿದ ಮೇಲಿನ ಶೆಡ್ಡಿಗೆ. ಒಂಟಿ ಫ್ರೇಮಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಹಾಗಾಗಿ ಬ್ರೇಸಿಂಗ್ ಇರುವ ಬೇಯಿಂದಲೇ (ಬೇ ಅಂದರೆ ಎರಡು ಫ್ರೇಮಿನ ನಡುವಿನ ಅಂಕಣ) ಶುರು ಮಾಡಿ. ಎರಡು ಫ್ರೇಮ್, ನಡುವೆ ಪರ್ಲಿನ್, ಅಡ್ಡ ಬ್ರೇಸಿಂಗ್. ಇಷ್ಟನ್ನು ತೂಗುಗುಂಡು ಹಿಡಿದು ನೇರ ಮಾಡಿ, ಪೂರ್ತಿ ಬಿಗಿ ಮಾಡಿ. ಉಳಿದ ಫ್ರೇಮುಗಳನ್ನು ಇದಕ್ಕೆ ಸೇರಿಸುತ್ತಾ ಹೋಗಿ. ಜಾಯಿಂಟ್ ಬೋಲ್ಟ್ ಬಿಗಿಯಾಗಿ, ಎರಡೂ ಬದಿ ಗೈ ರೋಪ್ ಕಟ್ಟುವ ತನಕ ಕ್ರೇನಿನ ಹುಕ್ ಬಿಡಿಸಬೇಡಿ. ಕ್ರೇನಿನ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತದೆ, ಒತ್ತಡ ಬರುತ್ತದೆ. ಬರಲಿ. ಸಂಜೆ ಹೋಗುವ ಮೊದಲು ಒಂದೊಂದು ರೋಪನ್ನೂ ನೀವೇ ಕೈಯಲ್ಲಿ ಎಳೆದು ನೋಡಿ.

ಉತ್ತರ 2

ನಾನು ಕ್ರೇನ್ ಓಡಿಸುವವನು. ಅಲ್ಲಿ ಮಣ್ಣು ತುಂಬಿಸಿದ ಜಾಗ ಆದರೆ ಒಂದು ಮಳೆ ಬಿದ್ದ ಮೇಲೆ ನೆಲವನ್ನು ನಂಬಬೇಡಿ. ಮೇಲೆ ಗಟ್ಟಿ ಕಾಣುತ್ತದೆ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಔಟ್‌ರಿಗರ್ (ಕ್ರೇನಿನ ಬದಿಗೆ ಚಾಚುವ ಕಾಲು) ಅಡಿಗೆ ದಪ್ಪ ಮರದ ದಿಮ್ಮಿ ಇಡಿ. ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ ಅಲ್ವಾ, ದೊಡ್ಡ ರಾಫ್ಟರ್ ಬೆಳಿಗ್ಗೆಯೇ ಎತ್ತಿ. ಎರಡೂ ತುದಿಗೆ ಹಗ್ಗ ಕಟ್ಟಿ ದೂರ ನಿಂತು ಹಿಡಿಯಬೇಕು. ಸಿಗ್ನಲ್ ಕೊಡುವವನು ಒಬ್ಬನೇ ಇರಲಿ. ನಿಲ್ಲಿಸು ಅಂತ ಮಾತ್ರ ಯಾರು ಕೂಗಿದರೂ ನಾನು ನಿಲ್ಲಿಸುತ್ತೇನೆ.

ಉತ್ತರ 3

ಬೆಲ್ಟ್ ಎಲ್ಲರೂ ಹಾಕುತ್ತಾರೆ, ಹುಕ್ ಸಿಕ್ಕಿಸುವುದಿಲ್ಲ. ಸುಮ್ನೆ ಬೈದು ಪ್ರಯೋಜನ ಇಲ್ಲ, ಸಿಕ್ಕಿಸಲು ಮೇಲೆ ಜಾಗವೇ ಇರುವುದಿಲ್ಲ. ರಾಫ್ಟರ್ ನೆಲದಲ್ಲಿ ಇರುವಾಗಲೇ ಲೈಫ್‌ಲೈನ್ (ಬೆಲ್ಟಿನ ಹುಕ್ ಸಿಕ್ಕಿಸುವ ಹಗ್ಗ) ಕಟ್ಟಿ ಎತ್ತಿಸಿ. ಎರಡು ಹುಕ್ಕಿನ ಫುಲ್ ಬಾಡಿ ಹಾರ್ನೆಸ್ (ಇಡೀ ಮೈಗೆ ಹಾಕುವ ಬೆಲ್ಟ್) ಕೊಡಿ, ಒಂದು ಬಿಚ್ಚುವಾಗ ಇನ್ನೊಂದು ಹಿಡಿದಿರುತ್ತದೆ. ಬಿದ್ದು ನೇತಾಡುವವನನ್ನು ಇಳಿಸುವುದು ಹೇಗೆ ಅಂತ ಮೊದಲೇ ಗೊತ್ತಿರಬೇಕು. ಹಾಗೇ ನೇತಾಡಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಹುಡುಗರು ಒಡಿಶಾ, ಬಿಹಾರದವರಾದರೆ ಹಿಂದಿಯಲ್ಲಿ ಹೇಳಿಸಿ.

ಕೇಳಿದವರು

ತುಂಬಾ ಉಪಕಾರ ಆಯಿತು. ಇವತ್ತು ಫೌಂಡೇಶನ್ ನೋಡಿದೆ. ಒಂದು ಕಾಲಂನ ಬೋಲ್ಟ್ ಬಾಗಿದೆ, ಬೇಸ್ ಪ್ಲೇಟ್ (ಕಾಲಂನ ಬುಡದ ತಗಡು) ಕೂರುವುದಿಲ್ಲ. ಪ್ಲೇಟಿನ ತೂತನ್ನು ಗ್ಯಾಸ್ ಕಟರಿನಲ್ಲಿ ದೊಡ್ಡದು ಮಾಡುತ್ತೇವೆ ಅಂತ ಕೆಲಸದವರು ಹೇಳ್ತಾರೆ.

ಉತ್ತರ 1

ಬೇಡ ಮಾರಾಯ್ರೆ. ಬೋಲ್ಟನ್ನು ಬಡಿದು ನೇರ ಮಾಡುವುದೂ ಬೇಡ. ಫೋಟೋ ತೆಗೆದು, ಅಳತೆ ಬರೆದು ಡಿಸೈನ್ ಇಂಜಿನಿಯರಿಗೆ ಇವತ್ತೇ ಕಳಿಸಿ. ಅವರು ಬರಹದಲ್ಲಿ ಹೇಳುವ ತನಕ ಆ ಕಾಲಂ ನೆಲದಲ್ಲೇ ಇರಲಿ.